ಅಭಿನಂದನನ ವರದಿ

ಅಂಕಲಗಿ
೫ ಡಿಸೆಂಬರ್ ೧೯೯೮

ಮಾನ್ಯ ಮೇಡಂ ಅವರಿಗೆ, ನಿಮ್ಮ ಅಂಗನವಾಡಿ ತರಬೇತಿಯ ವಿದ್ಯಾರ್ಥಿನಿ ಇಂದ್ರವ್ವನ ನಮಸ್ಕಾರಗಳು.

ಪರೀಕ್ಷೆಗೆಂದು ನಾನು ಬರೆದುಕೊಟ್ಟ ಮಗುವಿನ ವರದಿಯನ್ನು ದಯವಿಟ್ಟು ಮರಳಿಸಿರಿ. ನಾಲ್ಕು ವರ್ಷದ ಅಭಿನಂದನನಿಗೆ ಮಾತು ತಡ, ಆದರೆ ಕಿವಿ ಚುರುಕು ಎಂದು ಬರೆದಿದ್ದೆ. ಅದು ತಪ್ಪು. ಕೈಯಾಡಿಸುತ್ತ ಹಾಡುವ ಅಭಿನಯ ಗೀತೆಯಲ್ಲಿ ಅವನು ಒಮ್ಮೆಯೂ ತಪ್ಪುತ್ತಿರಲಿಲ್ಲವೆಂದು ಹಾಗೆ ಬರೆದೆ. ನೀವು ಬಂದಾಗಲೂ ಮೆಚ್ಚಿದ್ದಿರಿ. ನಿನ್ನೆ ಸೊಂಟ ನೋಯುತ್ತಿದ್ದರಿಂದ ನಾನು ಕುಳಿತು, ಕೈಯಾಡಿಸದೆ ಹಾಡಿದೆ. ಉಳಿದ ಮಕ್ಕಳು ಕುಣಿದರು. ಮೊದಲ ಸಾಲಿನಲ್ಲಿದ್ದ ಅವನು ನನ್ನ ಕೈಗಳನ್ನೇ ನೋಡುತ್ತ ನಿಂತ. ಅವನ ಹಿಂದೆ ಹೋಗಿ ತಟ್ಟೆ ಬಡಿದೆ. ತಿರುಗಲಿಲ್ಲ.

ಸಂಜೆ ಅವನ ಅಜ್ಜಿ ತಾರಾಬಾಯಿಗೆ ಹೇಳಿದೆ. "ನೀವ ಓದಿ ಹೇಳೀರಲ್ರೀ ಅಕ್ಕೋರ, ಕಿವಿ ಚುರುಕ ಅದಾವ ಅಂತ. ಈಗ ಹುಡುಗನ್ನ ಕಿವುಡ ಮಾಡಾಕ ಬಂದೀರೇನು?" ಎಂದರು.

ಗುರುವಾರ ಗೋಕಾಕದಲ್ಲಿ ಕಿವಿ ತಪಾಸಣೆಯ ಶಿಬಿರವಿದೆ. ತಿದ್ದಿದ ವರದಿಯ ಮೇಲೆ ನಿಮ್ಮ ಸಹಿಯಿದ್ದರೆ ಮನೆಯವರು ನಂಬಿ ಕರೆದುಕೊಂಡು ಹೋಗಬಹುದು. ನನ್ನನ್ನು ಅನುತ್ತೀರ್ಣ ಮಾಡಿದರೂ ಸರಿ, ವರದಿ ಮಾತ್ರ ಬೇಗ ಬರಲಿ.

ಇಂದೂ ಅವನು ಎಲ್ಲರಿಗಿಂತ ಮೊದಲು ಬಂದು, ನನ್ನ ಕೈಗಳೆದುರು ನಿಂತಿದ್ದ.

ನಿಮ್ಮ ಉತ್ತರದ ದಾರಿ ಕಾಯುತ್ತಿರುವ,
ಇಂದ್ರವ್ವ ಹೊಸಮನಿ