ಆಂಪಿನ ಗರಗರ ಸದ್ದಿನ ಸಂಹಾರ

ಮಂಗಳವಾರ, ಮಾರ್ಚ್ ೧೧

ಗೆದ್ದೆ! ವಾರದಿಂದ ಪ್ರಾಣ ಹಿಂಡುತ್ತಿದ್ದ ಆ ಗರಗರ ಸದ್ದು ಇಂದು ಸಂಜೆ ನನ್ನ ಈ ಕೈಯಿಂದಲೇ ಹತವಾಯಿತು!

ಮಗಳು ನಾಳೆ ಬ್ಯಾಂಡಿನವರ ಮುಂದೆ ಗಿಟಾರ್ ನುಡಿಸಿ ಆಯ್ಕೆಯಾಗಬೇಕು. ಹನ್ನೊಂದು ವರ್ಷ ಒಮ್ಮೆಯೂ ಕೈಕೊಡದ ಅವಳ ಪುಟ್ಟ ಟ್ರಾನ್ಸಿಸ್ಟರ್ ಆಂಪು, ಅಂದರೆ ಗಿಟಾರಿನ ದನಿ ಹಿಗ್ಗಿಸುವ ಪೆಟ್ಟಿಗೆ, ದಪ್ಪ ತಂತಿ ಮೀಟಿದರೆ ಸಾಕು, ಗರಗರ ಎನ್ನುತ್ತಿತ್ತು. "ಸ್ಪೀಕರ್ ಹರಿದಿದೆ ಯಜಮಾನ್ರೇ, ಗುಜರಿಗೆ ಹಾಕಿ" ಎಂದು ರಿಪೇರಿಯವನು ಬಿಚ್ಚಿಯೂ ನೋಡದೆ ತೀರ್ಪು ಕೊಟ್ಟಿದ್ದ. ಮಗಳು ಅತ್ತಳು.

ನಾನು ಒಪ್ಪುವವನೇ? ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಹೀಗೇ ಗರಗರ ಎಂದಾಗ ಒಬ್ಬರು ನುಡಿಸುತ್ತಿದ್ದರೆ, ಇನ್ನೊಬ್ಬರು ಸದ್ದು ಎಲ್ಲಿ ಅಡಗುತ್ತದೆಂದು ಪೆಟ್ಟಿಗೆಯನ್ನು ಅಂಗೈಯಿಂದ ಒತ್ತುತ್ತಾ ಹೋಗುತ್ತಿದ್ದೆವು. ಅದೇ ಅಸ್ತ್ರ ಹೂಡಿದೆ. "ಮೀಟು, ಮಗಳೇ!" ಎಂದು ಗರ್ಜಿಸಿದೆ. ಆಂಪಿನ ಹಿಂಬದಿಯ ಹಲಗೆಯ ಎಡಮೂಲೆ ಒತ್ತಿದೆ. ಸದ್ದು ಅಡಗಿತು! ಅಲ್ಲಿ ಸ್ಕ್ರೂ ಇರಲಿಲ್ಲ. ಸಡಿಲ ಹಲಗೆಯೇ ಅದುರುತ್ತಿತ್ತು.

"ಅಪ್ಪಾ, ಇಲ್ಲಿದ್ದ ಸ್ಕ್ರೂ ಎಲ್ಲೋಯ್ತು?"

ನನ್ನ ಕಣ್ಣು ತಾನಾಗಿ ಗೋಡೆಯತ್ತ ಹೊರಳಿತು. ಮಹಾರಾಜನ ಪಾತ್ರದಲ್ಲಿ ಕಿರೀಟ ತೊಟ್ಟ ನನ್ನ ಫೋಟೋವನ್ನು ಹೋದ ವಾರ ತೂಗುಹಾಕಲು ಮೊಳೆ ಸಿಗದೆ, ಆ ಸ್ಕ್ರೂವನ್ನೇ...

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸೊಂಟಕ್ಕೆ ಕೈಯಿಟ್ಟಳು. "ಮಹಾರಾಜ್ರು ತಾವೇ ಇಳೀತೀರೋ, ನಾನೇ ಇಳಿಸ್ಲೋ?"

ಇಳಿದೆ. ಸ್ಕ್ರೂ ತನ್ನ ಜಾಗ ಸೇರಿತು. ಮಗಳು ವಾಲ್ಯೂಮ್ ಪೂರ್ತಿ ತಿರುಗಿಸಿ ದಪ್ಪ ತಂತಿ ಮೀಟಿದಳು. ಆಹಾ, ಕಿಟಕಿಯ ಗಾಜು ನಡುಗಿತು, ಆಂಪಿನ ಹಲಗೆ ಮಾತ್ರ ತುಟಿಪಿಟಕ್ಕೆನ್ನಲಿಲ್ಲ! ಅವಳು ನಕ್ಕಳು. ಎಷ್ಟು ಚಪ್ಪಾಳೆ ಕೇಳಿದವನು ನಾನು, ಆ ನಗುವಿನ ಮುಂದೆ ಅವೆಲ್ಲ ಯಾವ ಲೆಕ್ಕ!

ಮಹಾರಾಜರು ಈಗ ನೆಲದ ಮೇಲೆ, ಗೋಡೆಗೆ ಮುಖ ಮಾಡಿ ಒರಗಿದ್ದಾರೆ. ಇರಲಿ ಬಿಡಿ ಪ್ರಭು, ನಾಳೆ ನಮ್ಮ ರಾಜಕುಮಾರಿ ಗೆದ್ದು ಬಂದಮೇಲೆ ಒಂದು ಮೊಳೆ...