ಕಾರು ಅಂಗಳದಲ್ಲಿ ನಿಂತ ಇಪ್ಪತ್ತು ದಿನ

ಹೊಸ ಕಾರುಗಳ ತಕರಾರು ತೀರ್ಮಾನಿಸುವ ಮಧ್ಯಸ್ಥಿಕೆ ಕಚೇರಿಯ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ದೂರನ್ನು ನೀವು ಎಂಟು ದಿನಗಳ ಕಾರಣಕ್ಕೆ ವಜಾ ಮಾಡಿದ್ದೀರಿ. ಕಾರು ಕೆಟ್ಟಿಲ್ಲ ಎಂದು ನೀವು ಹೇಳಿಲ್ಲ. ಕೆಟ್ಟಿದೆ ಎಂದೂ ಹೇಳಿಲ್ಲ. ಒಂದೂವರೆ ಪುಟದ ತೀರ್ಪಿನಲ್ಲಿ ಕಾರಿನ ಬಗ್ಗೆ ಇರುವುದು ಅದರ ಬಣ್ಣ ಮತ್ತು ನಂಬರು, ಮಿಕ್ಕಿದ್ದೆಲ್ಲ ಕ್ಯಾಲೆಂಡರಿನ ವಿಚಾರ. ಈ ಬಗ್ಗೆ ಇಂಗ್ಲಿಷಿನಲ್ಲಿ ಮೂರು ಪತ್ರ ಬರೆದೆ. ಮೂರಕ್ಕೂ 'ನಿಮ್ಮ ಪತ್ರ ತಲುಪಿದೆ' ಎಂಬ ಒಂದೇ ಅಚ್ಚಿನ ಉತ್ತರ ಬಂತು. ಆದ್ದರಿಂದ ನಾಲ್ಕನೆಯದನ್ನು ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ, ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮಗೆ ಅರ್ಥವಾಗುವುದಿಲ್ಲ, ನಿಜ. ಅದರಿಂದ ನಮ್ಮಿಬ್ಬರ ನಡುವೆ ಹೆಚ್ಚೇನೂ ಬದಲಾಗುವುದಿಲ್ಲ.

ಈ ರಾಜ್ಯದಲ್ಲಿ ಹೊಸ ಕಾರು ಪದೇ ಪದೇ ಕೆಟ್ಟರೆ ಕಂಪನಿ ಅದನ್ನು ವಾಪಸು ಪಡೆಯಬೇಕೆಂಬ ಕಾನೂನಿದೆ, ಲೆಮನ್ ಲಾ ಎನ್ನುತ್ತಾರೆ. ಕಾರು ಕೈಗೆ ಬಂದ ಹದಿನೆಂಟು ತಿಂಗಳೊಳಗೆ ಒಂದೇ ದೋಷಕ್ಕೆ ನಾಲ್ಕು ಸಲ ರಿಪೇರಿಗೆ ಹೋಗಿದ್ದರೆ ದೂರುದಾರನ ಕೆಲಸ ಹಗುರ, ಕಾರು ಕೆಟ್ಟದ್ದೆಂದೇ ಕಾನೂನು ಎಣಿಸುತ್ತದೆ. ನಾನು ನಾಲ್ಕು ಸಲ ಹೋದೆ. ನಾಲ್ಕನೆಯದು ಈ ವರ್ಷ, ಅಂದರೆ 2001ರ ಫೆಬ್ರವರಿ ಎಂಟಕ್ಕೆ. ನಿಮ್ಮ ಪ್ರಕಾರ ಗಡುವು ಜನವರಿ ಮೂವತ್ತೊಂದಕ್ಕೇ ಮುಗಿದಿತ್ತು. ಏಕೆಂದರೆ ಮಾರಾಟದ ಕಾಗದದಲ್ಲಿ 1999ರ ಜುಲೈ ಮೂವತ್ತೊಂದರಂದು 'ಕಾರು ನನ್ನ ವಶಕ್ಕೆ ಬಂದಿದೆ' ಎಂದು ನನ್ನ ಸಹಿ ಇದೆ. ಸಹಿ ನನ್ನದೇ. ಕಾರು ಮಾತ್ರ ಅವತ್ತು ಬರಲಿಲ್ಲ.

ಅದು ಆಷಾಢ ಮಾಸ. ನನ್ನ ತಾಯಿ ಗೌರಮ್ಮ ಮಂಡ್ಯದವರು, ಐದು ವರ್ಷದಿಂದ ಕ್ಯಾಂಪ್‌ಬೆಲ್ಲಿನಲ್ಲಿ ನಮ್ಮ ಜೊತೆಗಿದ್ದಾರೆ. ಆಷಾಢದಲ್ಲಿ ಹೊಸ ಗಾಡಿ ಮನೆ ಮುಂದೆ ನಿಲ್ಲಕೂಡದು ಎಂಬುದು ಅವರ ಹಟ. "ವರಮಾಲಕ್ಷ್ಮಿ ಹಬ್ಬದ ದಿನ ತಂದ್ಕೊ ಕಣ್ಲಾ. ಇಪ್ಪತ್ತು ದಿನ ತಡ ಆದ್ರೆ ನಿನ್ ಗಂಟೇನು ಓಯ್ತದೆ?" ಎಂದರು. ಅತ್ತ ಮಾರಾಟಗಾರನಿಗೆ ತಿಂಗಳು ಮುಗಿಯುವುದರೊಳಗೆ ಇನ್ನೊಂದು ಕಾರು ಮಾರಿದ್ದೇನೆಂದು ತೋರಿಸಬೇಕಿತ್ತು. ಇವತ್ತೇ ಸಹಿ ಹಾಕಿ, ರಿಯಾಯಿತಿ ಕೊಡುತ್ತೇನೆ, ಕಾರು ನಮ್ಮ ಅಂಗಳದಲ್ಲೇ ಇರಲಿ, ಬೇಕಾದಾಗ ಒಯ್ಯಿರಿ ಎಂದ. ತಾಯಿಯ ಮಾತೂ ಉಳಿಯಿತು, ರಿಯಾಯಿತಿಯೂ ಸಿಕ್ಕಿತು ಎಂದು ನಾನು ಒಳಗೊಳಗೇ ಬೀಗಿದೆ. ಆಗಸ್ಟ್ ಇಪ್ಪತ್ತರ ಶುಕ್ರವಾರ ಅವನ ಅಂಗಳದಲ್ಲೇ ಕಾಯಿ ಒಡೆದು ಕಾರು ತಂದೆವು. ಅಷ್ಟು ದಿನ ಅದು ನಿಂತಲ್ಲೇ ನಿಂತಿತ್ತು. ನಿಮ್ಮ ಗಡುವು ಮಾತ್ರ ಓಡುತ್ತಿತ್ತು.

ಕಾರಿನ ದೋಷ ಹೇಳುವುದಕ್ಕೆ ಬಹಳ ಸರಳ. ಓಡುತ್ತ ಓಡುತ್ತಲೇ ಎಂಜಿನ್ ನಿಂತುಹೋಗುತ್ತದೆ. ಮೊದಲ ಸಲ ನಿಂತದ್ದು ಪ್ಲೆಸೆಂಟನ್ನಿಗೆ ಹೋಗುವ ಫ್ರೀವೇಯ ಏರಿನಲ್ಲಿ. ನನ್ನ ಹೆಂಡತಿ ತೇಜಸ್ವಿನಿ ಓಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಅಮ್ಮ, ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ, ಪಕ್ಕದಲ್ಲಿ ಆಗ ಆರು ವರ್ಷದ ನನ್ನ ಮಗಳು ನಿಸರ್ಗಾ. ಸ್ಟಿಯರಿಂಗು ಕಲ್ಲಿನ ಹಾಗೆ ಬಿಗಿಯಿತಂತೆ. ಮೂರು ಲೇನು ದಾಟಿ ಹೇಗೆ ಪಕ್ಕಕ್ಕೆ ಬಂದಳೋ ಅವಳಿಗೇ ನೆನಪಿಲ್ಲ. ಆಮೇಲೆ ಸ್ಯಾನ್ ಮಟಿಯೋದಲ್ಲಿರುವ ನನ್ನ ಆಫೀಸಿನ ದಾರಿಯಲ್ಲಿ ಎರಡು ಸಲ ನಿಂತಿತು. ಕೊನೆಯ ಸಲ ಮತ್ತೆ ಅದೇ ಏರು, ಮತ್ತೆ ಅಮ್ಮ, ಮತ್ತೆ ಮಗಳು. ಪ್ರತಿ ಸಲವೂ ರಿಪೇರಿಯವರು ಕಾರನ್ನು ಇಟ್ಟುಕೊಂಡು 'ದೋಷ ನಮಗೆ ಕಾಣಿಸಲಿಲ್ಲ' ಎಂದು ಬರೆದು, ತೊಳೆದು ವಾಪಸು ಕೊಟ್ಟರು. ಇಷ್ಟು ಸ್ವಚ್ಛವಾದ ಕೆಟ್ಟ ಕಾರು ನಮ್ಮ ಬೀದಿಯಲ್ಲಿ ಇನ್ನೊಂದಿಲ್ಲ.

ಸಾಕ್ಷಿ ಕೇಳಿದಿರಿ, ಕೊಟ್ಟೆ. ಕಾಯಿ ಹಿಡಿದು ಕಾರಿನ ಮುಂದೆ ನಿಂತ ಅಮ್ಮನ ಫೋಟೋ ಕಳಿಸಿದೆ, ಮೂಲೆಯಲ್ಲಿ ತಾರೀಖು ಅಚ್ಚಾಗಿದೆ. ಕ್ಯಾಮೆರಾದ ತಾರೀಖನ್ನು ಯಾರು ಬೇಕಾದರೂ ಬದಲಿಸಬಹುದು ಎಂದಿರಿ. ಮಾರಾಟಗಾರನ ಕಾಗದದ ತಾರೀಖು ಮಾತ್ರ ಬ್ರಹ್ಮಲಿಪಿಯೇ? ಇನ್ಶೂರೆನ್ಸ್ ಶುರುವಾದದ್ದು ಆಗಸ್ಟ್ ಇಪ್ಪತ್ತಕ್ಕೆ ಎಂದು ತೋರಿಸಿದೆ. ನಾನು ಇಪ್ಪತ್ತು ದಿನ ಇನ್ಶೂರೆನ್ಸ್ ಇಲ್ಲದೆ ಕದ್ದು ಓಡಿಸಿದೆ ಎಂದು ನಂಬಲು ನೀವು ತಯಾರಿದ್ದೀರಿ, ಓಡಿಸಲಿಲ್ಲ ಎಂದು ನಂಬಲು ತಯಾರಿಲ್ಲ. ಫೋನಿನಲ್ಲಿ ನಿಮ್ಮ ಸಿಬ್ಬಂದಿಯೊಬ್ಬರು ಬಹಳ ಸಹನೆಯಿಂದ, "ಆಷಾಢ ಎಂದರೆ ಮನೆಯಲ್ಲಿ ಯಾರಿಗಾದರೂ ಬಂದಿದ್ದ ಕಾಯಿಲೆಯೇ? ಹಾಗಿದ್ದರೆ ಡಾಕ್ಟರ ಚೀಟಿ ಕಳಿಸಿ" ಎಂದರು. ಅವರ ಮೇಲೆ ನನಗೆ ಕೋಪವಿಲ್ಲ. ಕೋಪ ಮಾಡಿಕೊಳ್ಳುವ ಶಕ್ತಿ ಮಾರ್ಚ್ ತಿಂಗಳಲ್ಲೇ ಮುಗಿಯಿತು.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ತೀರ್ಪು ಬಂದ ದಿನ ಊಟದ ಮೇಜಿನ ಮುಂದೆ ಅದನ್ನು ಕನ್ನಡದಲ್ಲಿ ಓದಿ ಹೇಳಿದ್ದು ನನ್ನ ತಪ್ಪು. ಅಮ್ಮ ಬೆರಳು ಮಡಿಸಿ ಎಣಿಸಿದರು.

"ಎಂಟು ದಿನುಕ್ಕೆ ಕೇಸು ಬಿದ್ದೋಯ್ತಾ? ನಾನು ಇಪ್ಪತ್ತು ದಿನ ತಡ್ದಿದ್ನಲ್ಲಪ್ಪಾ. ಅವತ್ತೇ ತಂದಿದ್ರೆ ಎಲ್ಲಾ ಅಷ್ಟ್ ದಿನ ಮುಂಚೇನೇ ಆಯ್ತಿತ್ತು."

"ಅಜ್ಜಿ, ಇಟ್ಸ್ ನಾಟ್ ಯುವರ್ ಫಾಲ್ಟ್," ಎಂದಳು ನಿಸರ್ಗಾ.

"ಅದೇನಂತೆ ಮಗಾ?" ಎಂದು ಅಮ್ಮ ತೇಜಸ್ವಿನಿಯನ್ನು ಕೇಳಿದರು. ಅವಳು, "ನಿಮ್ದೇನೂ ತಪ್ಪಿಲ್ಲ ಅಂತಿದಾಳೆ ಅತ್ತೆ," ಎಂದಳು. ಅಮ್ಮ ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ಅವತ್ತಿನಿಂದ ಅವರು ಕಾರು ಹತ್ತಿಲ್ಲ. ಗುಡಿಗೆ ಹೋಗುವುದು ಬಿಟ್ಟರು, ಪ್ಲೆಸೆಂಟನ್ನಿನ ಗೆಳತಿಯರನ್ನು ಬಿಟ್ಟರು. ಮೊಮ್ಮಗಳ ಜೀವಕ್ಕೆ ತಾನೇ ಕುತ್ತು ತಂದೆ ಎಂದು ನಂಬಿದ್ದಾರೆ. ನೀವು ತೀರ್ಪಿನಲ್ಲಿ ತಪ್ಪು ಯಾರದೆಂದು ಬರೆಯದೆ ಜಾಗ ಖಾಲಿ ಬಿಟ್ಟಿರಿ. ಅಲ್ಲಿ ಅವರು ತಮ್ಮ ಹೆಸರು ಹಾಕಿಕೊಂಡಿದ್ದಾರೆ. ಸುಳ್ಳು ಸಹಿ ಹಾಕಿದವನು ನಾನು, ಹಾಕಿಸಿದವನು ಮಾರಾಟಗಾರ, ಎಂಜಿನ್ ಮಾಡಿದ್ದು ಕಂಪನಿ. ಈ ಮೂವರಲ್ಲಿ ಯಾರೂ ಉಪವಾಸ ಮಾಡುತ್ತಿಲ್ಲ. ಮಾಡುತ್ತಿರುವುದು ಅಮ್ಮ, ಪ್ರತಿ ಶನಿವಾರ. ಮಂಡ್ಯದ ತಮ್ಮನ ಮನೆಗೆ ಹೋಗಿಬಿಡುತ್ತೇನೆ ಎಂದು ಟಿಕೆಟ್ಟನ್ನೂ ಮಾಡಿಸಿಕೊಂಡಿದ್ದಾರೆ. ತಪ್ಪು ನಿನ್ನದಲ್ಲ ಎಂದು ನಾನು ಹೇಳಿದಾಗಲೆಲ್ಲ ಅವರದು ಒಂದೇ ಪ್ರಶ್ನೆ: "ಆಫೀಸ್ನೋರು ಹಂಗಂತ ಬರ್ದವ್ರಾ?"

ಆದ್ದರಿಂದ ನನ್ನ ಬೇಡಿಕೆಯನ್ನು ಇಳಿಸಿದ್ದೇನೆ. ಕಾರು ನನ್ನಲ್ಲೇ ಇರಲಿ. ಗಡುವು ಮೀರಿದೆ ಎಂದೇ ಇರಲಿ. ಅದರ ಕೆಳಗೆ ಒಂದು ವಾಕ್ಯ ಸೇರಿಸಿ, ನಿಮ್ಮ ಮೊಹರು ಹಾಕಿ ಕಳಿಸಿ: ದೋಷ ಇದ್ದದ್ದು ಎಂಜಿನ್ನಿನಲ್ಲಿ. ಇದಕ್ಕೂ ಒಂದು ಗಡುವಿದೆ. ಅಮ್ಮನ ವಿಮಾನ ಜೂನ್ ಒಂಬತ್ತಕ್ಕೆ. ನಿಲ್ದಾಣಕ್ಕೆ ಗೆಳೆಯ ಸುರೇಶ್ ಕರೆದುಕೊಂಡು ಹೋಗುತ್ತಾನೆ, ಏಕೆಂದರೆ ನನ್ನ ಕಾರು ಅವರು ಹತ್ತುವುದಿಲ್ಲ. ನಾನು ಅದರಲ್ಲಿ ಒಬ್ಬನೇ ಅವರ ಹಿಂದೆ ಬರಬೇಕಂತೆ.

ಇಂತಿ,
ಎಲ್ಲವನ್ನೂ ಓದಿ, ತಿಳಿದೇ ಸಹಿ ಹಾಕಿದ,
ಗೌರಮ್ಮನವರ ಮಗ ದೇವರಾಜು
ಕ್ಯಾಂಪ್‌ಬೆಲ್, ಮೇ 2001