ತೂತಿಗೆ ಹೊಡೆದ ತಗಡು

ಚಚಡಿ
೯ ಏಪ್ರಿಲ್ ೧೯೯೮

ಪೂಜ್ಯ ಗುರುಗಳಿಗೆ ಹರಿಪ್ರಿಯಾಳ ನಮಸ್ಕಾರಗಳು.

ಸೋಮವಾರ ನೀವು ಗೂಡುಪೆಟ್ಟಿಗೆಗಳನ್ನು ನೋಡಲು ಬರುವ ಮೊದಲೇ ನಾನು ಮಾಡಿದ್ದನ್ನು ಹೇಳಿಬಿಡುತ್ತೇನೆ.

ಆರು ಪೆಟ್ಟಿಗೆಗಳಿಗೆ ಸಣ್ಣ ತೂತು, ಆರಕ್ಕೆ ದೊಡ್ಡ ತೂತು ಇಟ್ಟು, ಪುಟ್ಟ ಚೇಕಡಿ ಹಕ್ಕಿಯ ಮರಿಗಳು ಯಾವುದರಲ್ಲಿ ಹೆಚ್ಚು ಉಳಿಯುತ್ತವೆಂದು ಎಣಿಸಲು ಹೇಳಿದ್ದಿರಿ. ಏನೇ ಆದರೂ ಮುಟ್ಟಬೇಡ ಎಂದಿದ್ದಿರಿ. ಮಂಗಳವಾರ ಒಂದು ಪೆಟ್ಟಿಗೆಯ ದೊಡ್ಡ ತೂತಿನೊಳಗೆ ಗೊರವಂಕ ನುಗ್ಗಿ, ಕಣ್ಣು ತೆರೆಯದ ಐದು ಮರಿಗಳನ್ನು ಒಂದೊಂದಾಗಿ ಹೊರಗೆಸೆಯಿತು. ನಾನು ಬರೆದುಕೊಳ್ಳುತ್ತ ನಿಂತಿದ್ದೆ. ತೋಟದೊಡತಿ ರಾಚವ್ವ, “ಏನ ಬರಕೋತ ನಿಂತೀ ಯವ್ವಾ? ತೂತ ಸಣ್ಣದು ಮಾಡಬಾರದೇನ?” ಎಂದು ಬೈದರು. ನಿನ್ನೆ ಇನ್ನೊಂದು ಗೂಡಿಗೂ ಗೊರವಂಕ ನುಗ್ಗಿತು. ಆಗ ದೊಡ್ಡ ತೂತಿನ ಉಳಿದ ನಾಲ್ಕು ಪೆಟ್ಟಿಗೆಗಳಿಗೆ ತಗಡು ಹೊಡೆದು ತೂತು ಸಣ್ಣದು ಮಾಡಿದೆ. ತಾಯಿಹಕ್ಕಿಗಳು ಬಹಳ ಹೊತ್ತು ಒಳಗೆ ಹೋಗದಿದ್ದಾಗ ನನಗೆ ಜೀವವೇ ಹೋದಂತಾಗಿತ್ತು. ಕೊನೆಗೆ ಹೋದವು.

ನಿಮ್ಮ ಎರಡು ವರ್ಷದ ಕೆಲಸ ಕೆಡಿಸಿದೆನೆಂದು ಗೊತ್ತು. ನಿಮ್ಮೆದುರು ನಿಂತು ಇದನ್ನು ಹೇಳುವ ಧೈರ್ಯ ನನಗಿಲ್ಲ. ನನ್ನನ್ನು ಕೆಲಸದಿಂದ ತೆಗೆದರೂ ಸರಿ. ಮರಿಗಳು ಹಾರಲು ಇನ್ನು ಹನ್ನೆರಡು ದಿನ ಬೇಕು. ಅಲ್ಲಿಯವರೆಗೆ ತಗಡು ಮಾತ್ರ ತೆಗೆಸಬೇಡಿ.

ನಿಮ್ಮ ಶಿಷ್ಯೆ
ಹರಿಪ್ರಿಯಾ